ಪರಾಗ್ವೆಗೆ ಒಯ್ದ ಏಲಕ್ಕಿ ಹಾರ

ರಾಣೆಬೆನ್ನೂರು

ಒಂದು ದೇಶ ಸ್ವತಂತ್ರವಾದ ಮೇಲೆ ಅದನ್ನು ಯಾರು ಆಳಬೇಕು, ಎಷ್ಟು ಕಾಲ ಆಳಬೇಕು ಎಂಬುದಕ್ಕಿಂತ ಗಹನವಾದ ಪ್ರಶ್ನೆ ಮನುಷ್ಯಕುಲದ ಮುಂದೆ ಬೇರೊಂದಿಲ್ಲ. ಕೂತವರಿಗೆ ಹೊಲದ ಕೆಲಸ ನೆನಪಾಯಿತೆಂದರೆ ಅದು ಕಾಲು ತಾಸಿನಲ್ಲಿ ಬಗೆಹರಿಯುತ್ತದೆ.

ಇಂಥ ಮಾತು ಹೇಳಲು ನನಗೇನು ಅಧಿಕಾರ ಎಂದು ಕೇಳುವವರಿಗೆ ಮೊದಲೇ ತಿಳಿಸಿಬಿಡುತ್ತೇನೆ. ನಾನು ರಾಜ್ಯಶಾಸ್ತ್ರ ಓದಿದವನಲ್ಲ. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಮೂವತ್ತು ವರ್ಷ ಫೀಲ್ಡ್ ಸೂಪರ್‌ವೈಸರ್ ಆಗಿ ಟೊಮೆಟೊ ಹೂಗಳ ಮದುವೆ ಮಾಡಿಸಿ ನಿವೃತ್ತನಾದವನು. ನಾಳೆ ಅರಳಬೇಕಾದ ಮೊಗ್ಗನ್ನು ಇಂದೇ ಬಿಡಿಸಿ, ಚಿಮಟದಿಂದ ಅದರೊಳಗಿನ ಗಂಡು ಭಾಗ ಕಿತ್ತುಹಾಕಬೇಕು. ಮರುದಿನ ಬೆಳಿಗ್ಗೆ ಬಿಸಿಲೇರುವುದರೊಳಗೆ ಬೇರೆ ತಳಿಯ ಪರಾಗವನ್ನು ಅದಕ್ಕೆ ಮುಟ್ಟಿಸಿ, ಗುರುತಿಗೆಂದು ಹೂವಿನ ಬುಡದ ಎರಡು ಹಸಿರು ಎಸಳು ಚಿವುಟಬೇಕು. ಇದಕ್ಕೆ ನಮ್ಮ ಕಡೆ ಕ್ರಾಸಿಂಗ್ ಅನ್ನುತ್ತಾರೆ. ಮಾಡುವವರೆಲ್ಲ ಹೆಣ್ಣುಮಕ್ಕಳು. ಗಂಡಸಾದವನು ಬದುವಿನ ಮೇಲೆ ನಿಂತು ಇದರ ಮಹತ್ವ ವಿವರಿಸುತ್ತಾನೆ. ನಾನು ಮೂವತ್ತು ವರ್ಷ ವಿವರಿಸಿದೆ.

ದಕ್ಷಿಣ ಅಮೆರಿಕದ ನಟ್ಟನಡುವೆ ಸಮುದ್ರವಿಲ್ಲದ ಪರಾಗ್ವೆ ಎಂಬ ದೇಶವಿದೆ. ಅಲ್ಲಿಯ ಒಂದು ಧರ್ಮಾರ್ಥ ಸಂಸ್ಥೆಯವರು ಹಳ್ಳಿಯ ರೈತರಿಂದ ಹೈಬ್ರಿಡ್ ಬೀಜ ಬೆಳೆಸುತ್ತಿದ್ದರು. ಎರಡು ಹಂಗಾಮಿನಲ್ಲೂ ಬೀಜ ಸರಿಯಾಗಿ ಕಟ್ಟಿರಲಿಲ್ಲ. ಕಲಿಸುವವರು ಬೇಕೆಂದು ನಮ್ಮ ಕಂಪನಿಯನ್ನು ಕೇಳಿದರು. ಕಂಪನಿ ಇಬ್ಬರನ್ನು ಆರಿಸಿತು. ಮಾತಾಡಲು ನಾನು, ಕೆಲಸ ಮಾಡಿ ತೋರಿಸಲು ಅಗಡಿಯ ಶಾಂತವ್ವ. ವಯಸ್ಸು ಐವತ್ತೆರಡು, ಕನ್ನಡಕವಿಲ್ಲ. ತಾಸಿಗೆ ಅವಳು ಮುಟ್ಟುವಷ್ಟು ಹೂವನ್ನು ಮುಟ್ಟಬಲ್ಲವರು ಜಿಲ್ಲೆಯಲ್ಲಿ ಇದ್ದರೆ ನಾನು ನೋಡಿಲ್ಲ.

ಹೊರಡುವ ಹಿಂದಿನ ದಿನ ಹಾವೇರಿಗೆ ಹೋಗಿ ಒಂದು ಏಲಕ್ಕಿ ಹಾರ ತಂದೆ. ನಮ್ಮ ಜಿಲ್ಲೆಯವರು ಯಾರನ್ನು ಗೌರವಿಸಬೇಕಾದರೂ ಅದೇ. ಹೂವಿನ ಹಾರ ಸಂಜೆಗೆ ಬಾಡುತ್ತದೆ. ಏಲಕ್ಕಿಯದು ವರ್ಷಗಟ್ಟಲೆ ಹಾಗೇ ಇರುತ್ತದೆ, ಹಾಕಿಸಿಕೊಂಡವನು ಬದಲಾದರೂ ಅದು ಬದಲಾಗುವುದಿಲ್ಲ.

“ಇದನ್ನ ಯಾರ ಕೊಳ್ಳಾಗ ಹಾಕ್ತೀರಿ ಸಾಹೇಬ್ರ?” ಶಾಂತವ್ವ ಸ್ಟೇಶನ್ನಿನಲ್ಲಿ ಕೇಳಿದಳು.

“ಅಲ್ಲಿ ಯಾರರೆ ದೊಡ್ಡವರು ಇದ್ದ ಇರ್ತಾರವಾ.”

“ದೊಡ್ಡವರು ಯಾರಂತ ನೋಡಿ ಹಾರ ಕಟ್ಟಸ್ತಾರ್ರಿ. ನೀವು ಹಾರ ಕಟ್ಟಿಸಿಕೊಂಡು ದೊಡ್ಡವರನ್ನ ಹುಡಕಾಕ ಹೊಂಟೀರಿ.”

ಅವಳು ತಂದ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಬ್ಯಾಡಗಿ ಮೆಣಸಿನಪುಡಿ ಮತ್ತು ನಾಲ್ಕು ಚಿಮಟಗಳಿದ್ದವು. ನನ್ನ ಪೆಟ್ಟಿಗೆಯಲ್ಲಿ ಹಾರ, ಒಂದು ಶಾಲು, ಮೂರು ಭಾಷಣ.

ಅಸುನ್ಸಿಯೋನ್

ರಾಜಧಾನಿಯ ವಿಮಾನ ನಿಲ್ದಾಣದಲ್ಲಿ ಹಾರ ಸಿಕ್ಕಿಬಿತ್ತು. ಹೊರದೇಶದ ಕಾಳುಕಡಿಯ ಬಗ್ಗೆ ಅಲ್ಲಿಯವರು ಬಹಳ ಬಿಗಿ. ಒಬ್ಬ ಅಧಿಕಾರಿ ಅದನ್ನು ಮೂಗಿಗೆ ಹಿಡಿದ, ಇನ್ನೊಬ್ಬ ಮಸೂರದಲ್ಲಿ ನೋಡಿದ, ಮೂರನೆಯವಳು ಕೊರಳಿಗೆ ಹಾಕಿಕೊಂಡು ಕಿಟಕಿ ಗಾಜಿನಲ್ಲಿ ತನ್ನನ್ನೇ ನೋಡಿಕೊಂಡಳು. ಒಂದೂವರೆ ತಾಸು ವಿಚಾರಣೆ ನಡೆದು, ಅದು ಆಹಾರವಲ್ಲ, ಗಿಡವಲ್ಲ, ಒಡವೆ ಎಂದು ತೀರ್ಮಾನವಾಯಿತು. ಅಷ್ಟೂ ಹೊತ್ತು ಶಾಂತವ್ವನ ಮೆಣಸಿನಪುಡಿಯನ್ನು ಯಾರೂ ಕೇಳಲಿಲ್ಲ. ನನ್ನ ಹಾರ ಅಲ್ಲೇ ಜಪ್ತಾಗಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ.

ಹೊರಗೆ ನಮ್ಮನ್ನು ಕಾಯುತ್ತಿದ್ದವಳು ಸೆಲ್ಸಾ. ನಾವು ಹೋಗಬೇಕಿದ್ದ ಹಳ್ಳಿಯ ಶಾಲೆಯಲ್ಲಿ ಇತಿಹಾಸ ಕಲಿಸುವವಳು, ನಮಗೆ ದುಭಾಷಿ. ಆ ದೇಶದಲ್ಲಿ ಕಚೇರಿಯ ಮಾತು ಸ್ಪ್ಯಾನಿಷ್, ಮನೆಯ ಮಾತು ಗ್ವಾರಾನಿ. ಸೆಲ್ಸಾ ಎರಡನ್ನೂ ಇಂಗ್ಲಿಷಿಗೆ ತರುತ್ತಿದ್ದಳು, ನಾನು ಅದನ್ನು ಶಾಂತವ್ವನಿಗಾಗಿ ನಮ್ಮ ಮಾತಿಗೆ ಇಳಿಸುತ್ತಿದ್ದೆ. ನಿಮಗೂ ಹಾಗೇ ಇಳಿಸಿ ಹೇಳುತ್ತೇನೆ.

ಮಾಂಸ ತಿನ್ನದ ನಾನು ಹೋಟೆಲಿನಲ್ಲಿ ಧೈರ್ಯವಾಗಿ ಸೂಪು ಹೇಳಿದೆ. ಅವರು ಚಾಕುವಿನಿಂದ ಕತ್ತರಿಸಿದ ಒಂದು ಇಟ್ಟಿಗೆ ತಂದಿಟ್ಟರು. ಮೆಕ್ಕೆಜೋಳದ ಹಿಟ್ಟು, ಚೀಸು, ಉಳ್ಳಾಗಡ್ಡಿ ಹಾಕಿ ಬೇಯಿಸಿದ ಗಟ್ಟಿ ಪದಾರ್ಥ. ಆ ದೇಶದ ಸೂಪು ಅದೇ ಎಂದಳು ಸೆಲ್ಸಾ. ಶಾಂತವ್ವ ಮೇಲೆ ಮೆಣಸಿನಪುಡಿ ಉದುರಿಸಿ ಎರಡು ತಿಂದಳು.

ಊಟವಾದ ಮೇಲೆ ಹಳೆಯ ಪೇಟೆ ತೋರಿಸುತ್ತ ಸೆಲ್ಸಾ ಹೇಳಿದಳು: “ಈ ಬೀದಿ ನೆಟ್ಟಗ ಐತಿ ನೋಡ್ರಿ. ನಮ್ಮ ಮೊದಲನೇ ಯಜಮಾನ ಮಾಡಿಸಿದ್ದು. ಅಡ್ಡ ಬಂದ ಮನಿ ಒಡಸಿದ. ಆತ ಕುದರಿ ಮ್ಯಾಲ ಹೊಂಟ ಅಂದ್ರ ಎಲ್ಲಾರೂ ಕಿಡಕಿ ಮುಚಗೋಬೇಕಿತ್ತು.”

“ಯಾಕ?”

“ಯಾಕ ಅಂತ ಕೇಳಿದವರು ಯಾರೂ ಉಳೀಲಿಲ್ಲ, ಹಂಗಾಗಿ ನಮಗೂ ಗೊತ್ತಿಲ್ಲ.”

ಇತಾ ಪುಕು

ಆ ಹಳ್ಳಿಯ ಹೆಸರಿಗೆ ‘ಉದ್ದ ಕಲ್ಲು’ ಎಂದರ್ಥವಂತೆ. ಕಲ್ಲು ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಮಣ್ಣು ನಮ್ಮ ಮಸಾರಿಯ ಹಾಗೆ ಕೆಂಪು. ಮೊದಲ ದಿನವೇ ನನ್ನ ಬಿಳಿ ಧೋತರ ಆ ದೇಶದ ಪೌರತ್ವ ಪಡೆಯಿತು.

ಸಮಿತಿಯಲ್ಲಿ ಇಪ್ಪತ್ತೊಂದು ಮನೆಗಳು. ಜಮೀನು, ನಾವು ಪರದೆ ಅನ್ನುವ ಬಲೆಯ ಮನೆ, ನೀರಿನ ಟಾಕಿ, ಪಂಪು ಎಲ್ಲ ಸಮಿತಿಯವು. ಪ್ರತಿ ಮನೆಗೆ ಆರು ಸಾಲು ಟೊಮೆಟೊ. ಯಾರಿಗೆ ಯಾವ ಸಾಲು ಎಂದು ಹಂಚುವವನು ಅಧ್ಯಕ್ಷ. ಪಂಪಿನ ಕೀಲಿಯೂ ಅವನದೇ. ಎರಡು ಹಂಗಾಮು ಉಳಿದವರಿಗಿಂತ ಬೀಜ ಕಡಿಮೆ ಕೊಟ್ಟ ಮನೆ ತನ್ನ ಸಾಲು ಬಿಡಬೇಕು. ಪ್ರತಿ ಹಂಗಾಮಿಗೆ ಕೈಯೆತ್ತಿಸಿ ಹೊಸ ಅಧ್ಯಕ್ಷನನ್ನು ಆರಿಸಬೇಕು. ಈ ಎರಡು ನಿಯಮಗಳಲ್ಲಿ ಮೊದಲನೆಯದು ಮಾತ್ರ ಜಾರಿಯಲ್ಲಿತ್ತು.

ಅಧ್ಯಕ್ಷ ದೋನ್ ಅನ್ಸೆಲ್ಮೊ ಅರವತ್ತರ ಆಸುಪಾಸಿನ ಸಭ್ಯ ಮನುಷ್ಯ. ದಿನಾ ಬೆಳಿಗ್ಗೆ ಬಂದು ನನ್ನ ಆರೋಗ್ಯ ವಿಚಾರಿಸುತ್ತಿದ್ದ, ಕಿತ್ತಳೆ ಕೊಡುತ್ತಿದ್ದ, ನನ್ನ ಭಾಷಣಗಳನ್ನು ಟೊಪ್ಪಿಗೆ ತೆಗೆದು ಕೇಳುತ್ತಿದ್ದ. ಮೂವತ್ತು ವರ್ಷದಲ್ಲಿ ಅಂಥ ಶ್ರೋತೃ ನನಗೆ ಸಿಕ್ಕಿರಲಿಲ್ಲ.

ಸಾಲುಗಳ ಕೊನೆಯಲ್ಲಿದ್ದವಳು ಬೆನಿತಾ. ನಲವತ್ತು ದಾಟಿದ ವಿಧವೆ, ಇಬ್ಬರು ಹೆಣ್ಣುಮಕ್ಕಳ ತಾಯಿ. ಎಲ್ಲರೂ ಅವಳನ್ನು ‘ನ್ಯಾ ಬೆನಿತಾ’ ಎನ್ನುತ್ತಿದ್ದರು. ನಾವು ಅಕ್ಕಾ, ಅವ್ವಾ ಅಂತೀವಲ್ಲ, ಹಾಗೆ. ಮೊದಲು ಅವಳ ಸಾಲು ಟಾಕಿಯ ಪಕ್ಕದಲ್ಲಿತ್ತು. ಕೈಯೆತ್ತಿಸುವ ದಿನ ಯಾವಾಗ ಎಂದು ಒಂದು ಸಲ ಅಧ್ಯಕ್ಷನನ್ನು ಕೇಳಿದಳು. ಮುಂದಿನ ಹಂಗಾಮಿಗೆ ಅವಳ ಸಾಲು ಪೈಪಿನ ಬಾಲಕ್ಕೆ ಬಂತು. ಕಾಲುವೆಯ ಬಾಲಕ್ಕೆ ಹೊಲವಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನವರು ಕುಡಿದು ಉಳಿದರೆ ಅವಳಿಗೆ. ಒಂದು ಹಂಗಾಮು ಆಗಲೇ ಕೆಟ್ಟಿತ್ತು. ಇದೂ ಕೆಟ್ಟರೆ ಸಾಲು ಹೋಗುತ್ತದೆ. ಹಾಗಾಗಿ ತಾನೇ ಅಧ್ಯಕ್ಷತೆಗೆ ನಿಲ್ಲುತ್ತೇನೆಂದು ಅವಳು ನಿರ್ಧರಿಸಿದ್ದಳು.

ಶಾಂತವ್ವ ಮತ್ತು ಬೆನಿತಾರಿಗೆ ಒಂದು ಶಬ್ದವೂ ಸಮಾನವಾಗಿರಲಿಲ್ಲ. ಮೂರನೆಯ ದಿನಕ್ಕೆ ಇಬ್ಬರೂ ದಿನವಿಡೀ ಮಾತಾಡುತ್ತಿದ್ದರು. ಶಾಂತವ್ವ ಅಗಡಿಯ ಮಾತಿನಲ್ಲಿ ಹೇಳುವಳು, ಅವಳು ಗ್ವಾರಾನಿಯಲ್ಲಿ ಉತ್ತರಿಸುವಳು, ನಡುವೆ ಹೂವೊಂದು ಕೈ ಬದಲಾಗುವುದು. ನಾನು ಬದುವಿನ ಮೇಲಿಂದ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದೆ. ಕೇಳುತ್ತಿದ್ದವನು ಅನ್ಸೆಲ್ಮೊ ಒಬ್ಬನೇ.

ಬಾಯಾರಿಕೆಯ ವಿಷಯವನ್ನೂ ಹೇಳಬೇಕು. ಅಲ್ಲಿ ಒಂದು ಎಲೆಯ ಪುಡಿಯನ್ನು ಕೊಂಬಿನ ಲೋಟದಲ್ಲಿ ತುಂಬಿ, ತಣ್ಣೀರು ಹೊಯ್ದು, ತಗಡಿನ ಕೊಳವೆಯಿಂದ ಹೀರುತ್ತಾರೆ. ಒಂದೇ ಲೋಟ, ಒಂದೇ ಕೊಳವೆ, ಸುತ್ತ ಕೂತ ಎಲ್ಲರ ಬಾಯಿ. ಶಾಂತವ್ವ ಮೊದಲ ದಿನ ಮುಖ ತಿರುಗಿಸಿ ಕೂತಳು. ಎರಡನೆಯ ದಿನ, “ಏಳು ಸಮುದ್ರ ದಾಟಿ ಬಂದ ಮ್ಯಾಲ ಎಂಜಲೇನ್ರಿ,” ಎಂದು ಹೀರಿದಳು. ನಾನು ಹೀರಿ, ಸಂಸ್ಕಾರವಂತನಾಗಿ, ಅವರ ಭಾಷೆಯಲ್ಲೇ ಧನ್ಯವಾದ ಹೇಳಿದೆ. ಲೋಟ ಮತ್ತೆ ನನ್ನ ಕಡೆ ಬರಲಿಲ್ಲ. ಮರುದಿನವೂ ಹೇಳಿದೆ, ಮರುದಿನವೂ ಬರಲಿಲ್ಲ. ನಾಲ್ಕನೆಯ ದಿನ ಸೆಲ್ಸಾ ನಕ್ಕು ತಿಳಿಸಿದಳು. ಅಲ್ಲಿ ಧನ್ಯವಾದ ಹೇಳಿದರೆ ಸಾಕು, ಇನ್ನು ಬೇಡ ಎಂದು ಲೆಕ್ಕ. ಜನ್ಮದಲ್ಲಿ ಯಾರಿಗೂ ಥ್ಯಾಂಕ್ಸ್ ಹೇಳದ ಶಾಂತವ್ವ ಅಷ್ಟೊತ್ತಿಗೆ ದಿನಕ್ಕೆ ಹತ್ತು ಲೋಟ ಕುಡಿದಿದ್ದಳು.

ಯಗುವಾರೋನ್

ರವಿವಾರ ಸೆಲ್ಸಾ ನಮ್ಮನ್ನು ಈ ಊರಿಗೆ ಕರೆದೊಯ್ದಳು. ಮೊದಲ ಯಜಮಾನನ ನೆನಪಿನ ಮನೆ ಅಲ್ಲಿ ಈಗ ಸಂಗ್ರಹಾಲಯವಾಗಿದೆ. ದಪ್ಪ ಮಣ್ಣಿನ ಗೋಡೆ, ತಗ್ಗಿದ ಬಾಗಿಲು, ಒಳಗೆ ಹೋದರೆ ತಂಪು. ಕಾಗಿನೆಲೆ ಕಡೆಯ ಹಳೆಯ ಮನೆಯೊಂದಕ್ಕೆ ಹೊಕ್ಕ ಹಾಗಾಯಿತು, ದನದ ವಾಸನೆಯೊಂದು ಇರಲಿಲ್ಲ.

ಕಥೆ ಹೀಗಿದೆ. ಇನ್ನೂರು ವರ್ಷಗಳ ಹಿಂದೆ ಸ್ಪೇನಿನವರನ್ನು ಕಳಿಸಿಕೊಟ್ಟ ಮೇಲೆ ಈ ಹೊಸ ಗಣರಾಜ್ಯಕ್ಕೆ ಆಳುವವರು ಬೇಕಾದರು. ಓದಿದವರು ಕಡಿಮೆ. ಒಬ್ಬನಿದ್ದ, ಧರ್ಮಶಾಸ್ತ್ರದ ಡಾಕ್ಟರ್, ವಕೀಲ, ಒಂಟಿ, ಲಂಚ ಮುಟ್ಟದವನು. ಮೊದಲು ಇಬ್ಬರು ಸರದಿಯ ಮೇಲೆ ಆಳಲಿ ಎಂದಾಯಿತು, ನಾಲ್ಕು ತಿಂಗಳು ಇವನು, ನಾಲ್ಕು ತಿಂಗಳು ಅವನು. ಎರಡು ಕುರ್ಚಿ ಮಾಡಿಸಿ ಒಂದಕ್ಕೆ ಯುದ್ಧ ಗೆದ್ದ ರೋಮನ್ ಸೇನಾಪತಿಯ ಹೆಸರು, ಇನ್ನೊಂದಕ್ಕೆ ಸೋತವನ ಹೆಸರು ಇಟ್ಟರಂತೆ. ಡಾಕ್ಟರು ಗೆದ್ದವನ ಕುರ್ಚಿಯಲ್ಲಿ ಮೊದಲೇ ಹೋಗಿ ಕೂತ.

“ಅದಾದ ಮ್ಯಾಲ ದೊಡ್ಡ ಸಭಾ ಕರದ್ರು,” ಎಂದಳು ಸೆಲ್ಸಾ. “ಸಾವಿರ ಮಂದಿ. ಎಲ್ಲಾ ಒಕ್ಕಲಿಗರು. ಬರಿಗಾಲಾಗ ದೂರದಿಂದ ಬಂದಿದ್ರು. ಎರಡ ದಿನ ಆತು, ಮೂರ ದಿನ ಆತು. ಊರಾಗ ದನ ಕಾಯಾವ್ರಿಲ್ಲ, ಬೆಳಿ ನಿಂತೇತಿ. ಯಾರೋ ಅಂದ್ರು, ಆ ಡಾಕ್ಟರಗ ಕೊಟ್ಟು ಹೋಗೂಣ ನಡೀರಿ. ಕೊಟ್ಟು ಹೋದ್ರು. ಮೊದಲ ಕೆಲವು ವರ್ಷಕ್ಕ. ಆ ಮ್ಯಾಲ ಇನ್ನೊಂದು ಸಭಾ ಕೂಡಿ, ಸಾಯೂತನಕ ನೀನ ಇರು, ಮುಂದಿನ ಸಭಾ ನಿನಗ ಬೇಕನಿಸಿದಾಗ ಕರಿ ಅಂತ ಬರದುಕೊಟ್ರು.”

“ಬೇಕನಿಸಿತೇನು?” ಕೇಳಿದಳು ಶಾಂತವ್ವ.

“ಇಪ್ಪತ್ತು ವರ್ಷದ ಮ್ಯಾಲ ಇದ್ದ. ಬೇಕನಿಸಲಿಲ್ಲ.”

ಆಮೇಲೆ ನಡೆದದ್ದು ಸಂಕ್ಷೇಪ. ಗಡಿ ಮುಚ್ಚಿತು. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಸ್ಪೇನಿನವರು ಸ್ಪೇನಿನವರನ್ನು ಮದುವೆಯಾಗಬಾರದೆಂದು ಕಾನೂನಾಯಿತು. ಅವನ ವಿರುದ್ಧ ಪಿಸುಗುಟ್ಟಿದವರನ್ನು ಒಂದು ಕಿತ್ತಳೆ ಮರದ ಕೆಳಗೆ ಗುಂಡಿಟ್ಟು ಕೊಂದರೆಂದು ಹೇಳುತ್ತಾರೆ. ಸ್ವಾತಂತ್ರ್ಯ ತಂದವರಲ್ಲಿ ಕೆಲವರು ಅವನ ಸೆರೆಯಲ್ಲೇ ಸತ್ತರು. ಇತ್ತ ಬಡವನಿಗೆ ಉಳಲು ಸರಕಾರಿ ಜಮೀನು ಕೊಟ್ಟ, ತನ್ನ ಸಂಬಳವನ್ನೇ ಪೂರ್ತಿ ತೆಗೆದುಕೊಳ್ಳಲಿಲ್ಲ. ಹೀಗಾಗಿ ಅವನ ಬಗ್ಗೆ ಅಲ್ಲಿಯವರು ಇವತ್ತಿಗೂ ಎರಡು ದನಿಯಲ್ಲಿ ಮಾತಾಡುತ್ತಾರೆ, ಎರಡೂ ಸಣ್ಣ ದನಿ. ಸತ್ತ ಮೇಲೆ ಚರ್ಚಿನಲ್ಲಿ ಹೂತ ಹೆಣ ಕಾಣೆಯಾಯಿತು. ಯಾರು ತೆಗೆದರೋ, ಎಲ್ಲಿ ಎಸೆದರೋ.

ನಾನು ಗಂಭೀರವಾಗಿ ತಲೆಯಾಡಿಸಿ, ಜನ ಜಗಳವಾಡದೆ ಒಮ್ಮತಕ್ಕೆ ಬಂದದ್ದಂತೂ ಮೆಚ್ಚತಕ್ಕದ್ದು ಎಂದೆ. ಶಾಂತವ್ವ ಹೊರಗೆ ಹೋಗಿ ಅಂಗಳದ ಗಿಡವೊಂದರ ಮೊಗ್ಗು ಪರೀಕ್ಷಿಸುತ್ತ ನಿಂತಳು.

ಸಭೆ

ಹಂಗಾಮಿನ ನಟ್ಟನಡುವೆ, ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಅನ್ಸೆಲ್ಮೊ ಸಭೆ ಕರೆದ. ಒಂಬತ್ತು ಎಂದರೆ ಪರಾಗ ಮುಟ್ಟಿಸುವ ಹೊತ್ತು. ಹನ್ನೊಂದರ ಬಿಸಿಲಿಗೆ ಆ ದಿನದ ಹೂವು ಮುಗಿದಂತೆ. ಇದನ್ನು ಅವನಿಗೆ ಕಲಿಸಿದವನು ನಾನೇ. ಆಗ ನನಗೆ ಏನೂ ಹೊಳೆಯಲಿಲ್ಲ.

ಹಿಂದಿನ ದಿನ ಮಧ್ಯಾಹ್ನ ಅವನು ಕಿತ್ತಳೆ ತಂದು ನನ್ನೆದುರು ಕೂತ. ಸೆಲ್ಸಾ ಜೊತೆಗಿದ್ದಳು.

“ನೀವು ಹಿರೇರು,” ಎಂದ. “ನಮ್ಮ ಮಂದಿ ಎರಡ ಪಾರ್ಟಿ ಆಗ್ಯಾರ. ಕೈ ಎತ್ತಿಸಿದ್ರ ಅಣ್ಣ ತಮ್ಮ ಮಾತ ಬಿಡ್ತಾರ. ನಿಮ್ಮದು ದೊಡ್ಡ ದೇಶ. ಅಲ್ಲೆ ಹಳ್ಯಾಗ ಹೆಂಗ ಮಾಡ್ತೀರಿ?”

ಓದುಗರೇ, ನೀವು ನಮ್ಮ ಕಡೆಯವರು. ನಾನೇನು ಹೇಳಿರಬಹುದು ಎಂದು ನಿಮಗೆ ಗೊತ್ತೇ ಇದೆ. ಊರಲ್ಲಿ ಚುನಾವಣೆ ನಡೆದರೆ ಊರು ಒಡೆಯುತ್ತದೆಂದು ಹಿರಿಯರು ಗುಡಿಯ ಕಟ್ಟೆಗೆ ಕೂತು, ನಿಂತವರನ್ನು ಕರೆಸಿ, ತಿಳಿಸಿ ಹೇಳಿ, ಹಿಂದೆ ಸರಿಸಿ, ಒಬ್ಬನನ್ನೇ ಉಳಿಸಿ, ಹಾರ ಹಾಕಿ, ಅವಿರೋಧ ಆಯ್ಕೆ ಎಂದು ಪೇಪರಿನಲ್ಲಿ ಫೋಟೋ ಹಾಕಿಸುತ್ತಾರಲ್ಲ, ಅದನ್ನೇ ಒಂದು ತಾಸು ವಿವರಿಸಿದೆ. ಸಂಘ, ಸೊಸೈಟಿ, ಶಾಲೆಯ ಕಮಿಟಿ ಎಂದು ಇಂಥ ಎಷ್ಟೋ ಆಯ್ಕೆಗಳಿಗೆ ನಾನು ಅತಿಥಿಯಾಗಿ ಹೋಗಿದ್ದೇನೆ. ಪ್ರಪಂಚಕ್ಕೆ ಹಾವೇರಿ ಜಿಲ್ಲೆಯ ಕೊಡುಗೆ ಇದು ಎಂದು ಮನಸಾರೆ ನಂಬಿದ್ದೆ. ಅನ್ಸೆಲ್ಮೊ ಟೊಪ್ಪಿಗೆ ತೆಗೆದು ಕೇಳಿದ.

ಬುಧವಾರ ಬೆಳಿಗ್ಗೆ ಪರದೆಯ ಕಡೆ ಹೋಗುವಾಗ ಶಾಂತವ್ವ ನನ್ನನ್ನು ತಡೆದಳು.

“ಸಾಹೇಬ್ರ, ಇವತ್ತ ನೀವು ಏನೂ ಮಾತಾಡಬ್ಯಾಡ್ರಿ. ಕೈ ಎತ್ತಲಿ.”

“ಯಾಕವಾ?”

“ಬೆನಿತಾಗ ಹನ್ನೊಂದು ಕೈ ಅದಾವ.”

“ನಿನಗ ಹೆಂಗ ಗೊತ್ತು? ಅಕಿ ಮಾತು ನಿನಗ ತಿಳೀತದೇನು?”

“ತನ್ನ ಹತ್ತೂ ಬೆರಳು ತೋರಿಸಿದ್ಲು. ಹನ್ನೊಂದನೇದಕ್ಕ ನನ್ನ ಬೆರಳು ಹಿಡಕೊಂಡ್ಲು. ಇದರಾಗ ತಿಳೀಲಾರದ್ದು ಏನೈತ್ರಿ?”

ಮಾವಿನ ಮರದ ಕೆಳಗೆ ಇಪ್ಪತ್ತೊಂದು ಮನೆಯವರು ನಿಂತೇ ಇದ್ದರು. ಹೆಂಗಸರ ಕೈಯಲ್ಲಿ ಪರಾಗದ ಬಟ್ಟಲು, ಅದರ ಮೇಲೆ ಒದ್ದೆ ಬಟ್ಟೆ. ಎಲ್ಲರ ಕಣ್ಣು ಪರದೆಯ ಕಡೆ. ಅನ್ಸೆಲ್ಮೊ ಎರಡೇ ಮಾತಾಡಿ, ದೂರದೇಶದ ಹಿರಿಯರು ದಾರಿ ತೋರಿಸುತ್ತಾರೆಂದು ನನ್ನನ್ನು ಮುಂದೆ ಕರೆದ.

ನಾನು ಮಾತಾಡಿದೆ. ಒಮ್ಮತದ ಮಹಿಮೆ ಹೇಳಿದೆ. ಹೂವು ಯಾರಿಗೂ ಕಾಯುವುದಿಲ್ಲ, ಲಗೂ ಮುಗಿಸುವುದು ಒಳ್ಳೆಯದು ಎಂದೆ. ಗುಂಪು ಉಸಿರು ಬಿಟ್ಟಿತು. ಇದಕ್ಕೆ ನಮ್ಮಲ್ಲಿ ಅವಿರೋಧ ಅನ್ನುತ್ತಾರೆಂದು ಆ ಶಬ್ದವನ್ನು ಎರಡು ಸಲ ಹೇಳಿಸಿದೆ. ಇಪ್ಪತ್ತೊಂದು ಮನೆಯವರು ಕೆಂಪು ಮಣ್ಣಿನ ಮೇಲೆ ನಿಂತು ಕನ್ನಡ ಮಾತಾಡಿದರು. ನನ್ನ ಕಣ್ಣಲ್ಲಿ ನೀರು ಬಂತು ಎಂಬುದನ್ನು ಮುಚ್ಚಿಡುವುದಿಲ್ಲ.

ಅನ್ಸೆಲ್ಮೊನ ತಮ್ಮ ಒಂದು ಕಾಗದ ತೆಗೆದು ಓದಿದ. ಹಿಂದಿನ ದಿನವೇ ಬರೆದು ತಂದಿದ್ದ. ಅಧ್ಯಕ್ಷರು ಮುಂದುವರಿಯುವುದು, ಮುಂದಿನ ಸಭೆಯನ್ನು ಅಧ್ಯಕ್ಷರು ತಮಗೆ ಅಗತ್ಯ ಕಂಡಾಗ ಕರೆಯುವುದು. ಸೆಲ್ಸಾ ಅದನ್ನು ಇಂಗ್ಲಿಷಿಗೆ ತಂದು, ಕೊನೆಯ ಮಾತನ್ನು ಮತ್ತೊಮ್ಮೆ ಹೇಳಿ, ನನ್ನ ಮುಖ ನೋಡುತ್ತ ನಿಂತಳು. ರವಿವಾರವಷ್ಟೇ ಕೇಳಿದ ಮಾತು ಅದು. ನನಗೆ ನೆನಪಾದದ್ದು ನಮ್ಮ ಸೊಸೈಟಿಗಳ ಠರಾವು ಪುಸ್ತಕ.

“ಸರಿ ಐತಿ,” ಎಂದೆ. “ನಮ್ಮಲ್ಲೂ ಹಿಂಗ ಬರೀತಾರ.”

ಆಗ ಹಿಂದಿನಿಂದ ಬೆನಿತಾ ಮುಂದೆ ಬಂದಳು. ಬಟ್ಟಲನ್ನು ಮಗಳ ಕೈಗೆ ಕೊಟ್ಟು, ಎರಡೂ ಕೈ ಖಾಲಿ ಮಾಡಿಕೊಂಡು, ಸಣ್ಣದೊಂದು ಮಾತು ಹೇಳಿದಳು.

“ಎಣಸ್ರಿ ಅಂತಾಳ,” ಎಂದಳು ಸೆಲ್ಸಾ. “ಇಷ್ಟೇ. ಕೈ ಎಣಸ್ರಿ.”

ಎಲ್ಲರೂ ನನ್ನನ್ನು ನೋಡಿದರು. ಆ ಕ್ಷಣದಲ್ಲಿ ನಾನು ಹೂಂ ಅಂದಿದ್ದರೆ ಎಣಿಸುತ್ತಿದ್ದರು. ಅತಿಥಿಯ ಮಾತು ಮೀರುವವರಾಗಿರಲಿಲ್ಲ ಅವರು. ಶಾಂತವ್ವ ಬೆನಿತಾಳ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದಳು.

“ಅವಿರೋಧ ಅಂದ್ರ ಅದ ಅಲ್ಲೇನವಾ,” ಎಂದೆ ನಗುತ್ತ. “ಎಣಿಸೋ ಪ್ರಸಂಗನ ಬರೂದಿಲ್ಲ.”

ಸೆಲ್ಸಾ ಅದನ್ನು ಅವರ ಭಾಷೆಗೆ ತಂದಳು. ಗುಂಪಿನಲ್ಲಿ ಕೆಲವರು ನೆಲ ನೋಡಿದರು, ಕೆಲವರು ಸೂರ್ಯನನ್ನು. ನಾನು ಚೀಲದಿಂದ ಶಾಲು ತೆಗೆದು ಅನ್ಸೆಲ್ಮೊನಿಗೆ ಹೊದಿಸಿ, ಏಲಕ್ಕಿ ಹಾರ ಹಾಕಿದೆ. ಅವನು ಬಾಗಿ ಹಾಕಿಸಿಕೊಂಡ. ಇದಿಷ್ಟಕ್ಕೆ ಕಾಲು ತಾಸು ಹಿಡಿಯಿತು. ಒಂಬತ್ತೂವರೆಗೆ ಎಲ್ಲರೂ ಪರದೆಯೊಳಗಿದ್ದರು. ಆ ದಿನದ ಕ್ರಾಸಿಂಗ್ ಆ ಹಂಗಾಮಿನಲ್ಲೇ ಅತ್ಯಂತ ಚೆನ್ನಾಗಿ ಆಯಿತು.

ಅದೇ ಮಧ್ಯಾಹ್ನ

ಶಾಂತವ್ವ ಊಟಕ್ಕೆ ಬರಲಿಲ್ಲ. ಹುಡುಕಿಕೊಂಡು ಹೋದರೆ ಬೆನಿತಾಳ ಸಾಲಿನಲ್ಲಿ, ಟಾಕಿಯಿಂದ ಕೊಡದಲ್ಲಿ ನೀರು ಹೊತ್ತು ಗಿಡದ ಬುಡಕ್ಕೆ ಹಾಕುತ್ತಿದ್ದಳು. ಬೆನಿತಾ ಇನ್ನೊಂದು ಕೊಡ ಹೊತ್ತಿದ್ದಳು.

“ಸಿಟ್ಟು ಬಂತೇನವಾ?” ಎಂದೆ.

“ನನಗ್ಯಾಕ ಸಿಟ್ರಿ? ನಾ ಕೂಲಿಯಾಕಿ.”

“ಹಂಗಲ್ಲ. ಊರು ಒಡೀಬಾರದಂತ...”

“ನಮ್ಮ ಊರಾಗೂ ಹಂಗ ಅಂದಿದ್ರಿ.”

ನನಗೆ ತಿಳಿಯಲಿಲ್ಲ. ಅವಳು ಕೊಡ ಇಳಿಸಿ ಹೇಳಿದಳು. ದನಿಯಲ್ಲಿ ಬಿಸಿ ಇರಲಿಲ್ಲ, ಕಂಪನಿಗೆ ಹೂವಿನ ಲೆಕ್ಕ ಒಪ್ಪಿಸುವ ಹಾಗಿತ್ತು.

“ನಮ್ಮ ಊರಾಗ ಕ್ರಾಸಿಂಗ್ ಮಾಡೋ ಹೆಣ್ಣಮಕ್ಕಳದೊಂದು ಸಂಘ ಆಗಿತ್ತು, ನೆನಪೈತೇನ್ರಿ? ಅದಕ್ಕ ನಾನೂ ನಿಂತಿದ್ದೆ. ಗುಡಿ ಕಟ್ಟಿಗೆ ಕರಸಿದ್ರು. ನಿನ್ನ ಕೈ ಚಲೋ ಐತಿ, ನಿನಗ್ಯಾಕ ಕುರ್ಚಿ ಅಂದ್ರು. ಹಿಂದ ಸರದೆ. ಆವತ್ತು ಅವರು ಉಳಿಸಿದಾಕಿನ ಇವತ್ತಿನ ತನಕ ಅಧ್ಯಕ್ಷಿಣಿ. ಅತಿಥಿ ಅಂತ ನೀವು ಬಂದಿದ್ರಿ. ಹಾರ ನೀವ ಹಾಕಿದ್ರಿ.”

ನಾನು ನೆನಪು ಮಾಡಿಕೊಂಡೆ. ಪೆಂಡಾಲು ನೆನಪಾಯಿತು, ಉಪ್ಪಿಟ್ಟು ನೆನಪಾಯಿತು. ಹಿಂದೆ ಸರಿದವಳು ಯಾರೆಂದು ಅಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

“ಆವಾಗ ಹೇಳಬೇಕಿತ್ತಲ್ಲ.”

“ಅವಿರೋಧ ಅಂದ ಮ್ಯಾಲ ಹೇಳೂದು ಏನಿರ್ತೈತ್ರಿ,” ಎಂದು ಅವಳು ಕೊಡ ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ನಾನು ಅನ್ಸೆಲ್ಮೊನ ಬಳಿ ಹೋಗಿ ಬೆನಿತಾಳ ಸಾಲಿಗೆ ನೀರಿನ ವಿಷಯ ಎತ್ತಿದೆ. ಅವನು ಎಂದಿನಂತೆ ನನ್ನ ಆರೋಗ್ಯ ವಿಚಾರಿಸಿದ. ಟೊಪ್ಪಿಗೆ ಮಾತ್ರ ತೆಗೆಯಲಿಲ್ಲ. ಅಂದಿನಿಂದ ಪಂಪು ನಡೆಯದ ಹೊತ್ತಿನಲ್ಲಿ ಟಾಕಿಗೆ ಬೀಗ ಬಿತ್ತು. ಕೊಡದ ದಾರಿಯೂ ಮುಚ್ಚಿತು. ಬಲ್ಲವರಿಂದಲೇ ಬಗೆಹರಿಸುತ್ತೇನೆಂದು ನಾನು ರಾಜಧಾನಿಯ ಧರ್ಮಾರ್ಥ ಸಂಸ್ಥೆಗೆ ಪತ್ರ ಬರೆದೆ. ಸಭೆ ಒಮ್ಮತದಿಂದ ಮಾಡಿದ ತೀರ್ಮಾನದಲ್ಲಿ ನಾವು ತಲೆಹಾಕುವುದಿಲ್ಲ, ಸಭೆಯಲ್ಲಿ ತಾವೇ ಹಾಜರಿದ್ದಿರಲ್ಲ ಎಂದು ಬಹಳ ವಿನಯದ ಉತ್ತರ ಬಂತು.

ಹೊರಟ ದಿನ

ಬೆನಿತಾಳ ಗಿಡಗಳಲ್ಲಿ ಕಾಯಿ ಕಟ್ಟಿದ್ದವು. ಎರಡು ಎಸಳು ಚಿವುಟಿದ ಗುರುತು ಎಲ್ಲದರ ಮೇಲೂ ಚೊಕ್ಕಾಗಿತ್ತು. ಕೆಲಸದಲ್ಲಿ ಅವಳು ಶಾಂತವ್ವನ ಮಟ್ಟ ಮುಟ್ಟಿದ್ದಳು. ಕಾಯಿ ಮಾತ್ರ ನೆಲ್ಲಿಕಾಯಿಯಷ್ಟಾಗಿ ನಿಂತಿದ್ದವು. ನೀರಿಲ್ಲದ ಕಾಯಿಯಲ್ಲಿ ಬೀಜ ತುಂಬುವುದಿಲ್ಲ. ಇದು ನನ್ನ ಮೊದಲನೆಯ ಭಾಷಣದ ಎರಡನೆಯ ಪುಟದಲ್ಲಿದೆ.

ಬೀಳ್ಕೊಡಲು ಎಲ್ಲರೂ ಮಾವಿನ ಮರದ ಕೆಳಗೆ ಕೂತರು. ಲೋಟಕ್ಕೆ ನೀರು ಹೊಯ್ಯುವ ಪಾಳಿ ಬೆನಿತಾಳದಾಗಿತ್ತು. ಹೊಯ್ದು ಒಬ್ಬೊಬ್ಬರಿಗೇ ಕೊಡುತ್ತ ಬಂದಳು. ಶಾಂತವ್ವನಿಗೆ ಕೊಟ್ಟಳು, ಸೆಲ್ಸಾಳಿಗೆ ಕೊಟ್ಟಳು, ಹಾರ ಹಾಕಿಕೊಂಡು ಬಂದಿದ್ದ ಅನ್ಸೆಲ್ಮೊನಿಗೂ ಕೊಟ್ಟಳು. ನನ್ನ ಮುಂದೆ ಬಂದಾಗ ಲೋಟ ದಾಟಿಹೋಯಿತು. ಎರಡನೆಯ ಸುತ್ತೂ ದಾಟಿಹೋಯಿತು. ನಾನು ಆ ದಿನ ಯಾರಿಗೂ ಧನ್ಯವಾದ ಹೇಳಿರಲಿಲ್ಲ.

ಗಾಡಿ ಹತ್ತುವ ಮುಂಚೆ ಶಾಂತವ್ವ ತನ್ನ ನಾಲ್ಕು ಚಿಮಟಗಳನ್ನೂ ಬೆನಿತಾಳ ಕೈಯಲ್ಲಿಟ್ಟು ಬೆರಳು ಮಡಚಿದಳು. ಬೆನಿತಾ ಅಳಲಿಲ್ಲ. ಶಾಂತವ್ವನ ಕೈ ಹಿಡಿದು ಒಂದು ಬೆರಳನ್ನು ಎತ್ತಿ ತೋರಿಸಿ, ಮತ್ತೆ ಬಿಟ್ಟಳು.

ವಿಮಾನದಲ್ಲಿ ಶಾಂತವ್ವ ಕಿಟಕಿಯ ಕಡೆ ಕೂತಿದ್ದಳು. ಕೆಳಗೆ ಕೆಂಪು ನೆಲ, ಹಸಿರು, ಒಂದು ದೊಡ್ಡ ಹೊಳೆ. ಅದನ್ನು ನೋಡುತ್ತಲೇ ಕೇಳಿದಳು:

“ಆ ಡಾಕ್ಟರನ ಹೆಣ ಸಿಗಲಿಲ್ಲಂತಲ್ರಿ. ಕುರ್ಚಿ ಎಲ್ಲಿ ಐತಂತ?”



ಬ್ಯಾಡಗಿ

ಊರಿಗೆ ಬಂದ ಮೇಲೆ ಎರಡು ಕಡೆ ನನಗೆ ಸತ್ಕಾರವಾಯಿತು, ಏಲಕ್ಕಿ ಹಾರವೇ. ಎರಡನ್ನೂ ಮನೆಯಲ್ಲಿ ಮೊಳೆಗೆ ನೇತುಹಾಕಿದ್ದೇನೆ. ಮೂರನೆಯ ಕಡೆಗೆ, ಬ್ಯಾಡಗಿ ಹತ್ತಿರದ ಒಂದು ಸೊಸೈಟಿಗೆ, ಅವಿರೋಧ ಆಯ್ಕೆಯ ಅತಿಥಿಯಾಗಿ ಕರೆದರು. ಮೈಯಲ್ಲಿ ಹುಷಾರಿಲ್ಲವೆಂದು ಸುಳ್ಳು ಹೇಳಿದೆ. ನಾನು ಹೋಗದಿದ್ದರೂ ಆಯ್ಕೆ ಅವಿರೋಧವಾಗಿಯೇ ನಡೆಯಿತು, ಹಾರವನ್ನು ಬೇರೊಬ್ಬರು ಹಾಕಿದರು.

ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತರಲೆಂದು ಬ್ಯಾಡಗಿಗೆ ಹೋಗಿ, ಪೇಟೆಯಲ್ಲಿ ಮೂಗಿಗೆ ವಸ್ತ್ರ ಕಟ್ಟಿಕೊಂಡು ನಿಂತಿದ್ದಾಗ ಸೆಲ್ಸಾಳ ಸಂದೇಶ ಬಂತು. ಅದನ್ನು ಅಲ್ಲಿಂದಲೇ ಶಾಂತವ್ವನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, “ಹೂಂ,” ಎಂದು, ತನಗೆ ಹೂವಿನ ಹೊತ್ತಾಯಿತೆಂದು ಫೋನಿಟ್ಟಳು.

ಸಂದೇಶದಲ್ಲಿ ಇದ್ದದ್ದು ಇಷ್ಟು. ಬೆನಿತಾಳ ಆರು ಸಾಲು ಅನ್ಸೆಲ್ಮೊನ ತಮ್ಮನಿಗೆ ಹೋಗಿವೆ. ಅವಳು ಮಕ್ಕಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಅರ್ಜೆಂಟೀನಾಕ್ಕೆ ಮನೆಗೆಲಸಕ್ಕೆ ಹೋಗಿದ್ದಾಳೆ. ಹಾರ ಸಮಿತಿಯ ಕೋಣೆಯ ಗೋಡೆಯ ಮೇಲಿದೆ, ಇನ್ನೂ ವಾಸನೆ ಹೋಗಿಲ್ಲ. ಸಮಿತಿಯ ಸಭೆ ಆಮೇಲೆ ಸೇರಿಲ್ಲ.